‘ಡಾಕ್ಟರ್’ ಎಂಬ ಬೋರ್ಡಿನ ಹಿಂದೆ ನೋಂದಣಿ ಇದೆಯೇ?

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರ. ನಮ್ಮ ತೋಟದ ಹತ್ತಿರದ ಜಂಕ್ಷನ್ನಿನಲ್ಲಿ ಒಬ್ಬರು ಬಹಳ ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿದ್ದಾರೆ. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆಲ್ಲ ಅವರೇ ಡಾಕ್ಟರು. ನನ್ನ ತಾಯಿಯೂ ಮಂಡಿನೋವಿಗೆಂದು ಸುಮಾರು ಒಂದು ವರ್ಷದಿಂದ ಅವರಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾರೆ. ಈಗ ತಾಯಿಯ ಮುಖ ಊದಿದೆ, ಇಲ್ಲದ ಸಕ್ಕರೆ ಕಾಯಿಲೆ ಬಂದಿದೆ. ವಿಚಾರಿಸಿದಾಗ ಅವರು ಹಿಂದೆ ಎಲ್ಲೋ ಕಾಂಪೌಂಡರ್ ಆಗಿದ್ದರು, ಪದವಿ ಇಲ್ಲ ಎಂದು ತಿಳಿಯಿತು. ದೂರು ಕೊಡಬೇಕೆ? ಕೊಟ್ಟರೆ ರಾತ್ರಿ ಹೊತ್ತು ಕಾರ್ಮಿಕರಿಗೆ ಯಾರು ದಿಕ್ಕು? ಇಷ್ಟು ವರ್ಷ ಎಲ್ಲರಿಗೂ ಗುಣವಾಗಿದೆ, ಒಂದು ಕಾಗದಕ್ಕೆ ಯಾಕಿಷ್ಟು ಮಹತ್ವ ಎಂದು ಊರವರು ಕೇಳುತ್ತಾರೆ. ಹಾಗೆ ನೋಡಿದರೆ ಮೂಳೆ ಕಟ್ಟುವ ನಮ್ಮ ನಾಟಿ ವೈದ್ಯರೂ ಅಪರಾಧಿಗಳೇ?

ಉತ್ತರ:

ಮೊದಲು ನಿಮ್ಮ ತಾಯಿಯ ವಿಷಯ, ದೂರಿನ ಮಾತು ಆಮೇಲೆ. ಇಂಜೆಕ್ಷನ್ ಇನ್ನು ಬೇಡ ಎಂದು ಮನೆಯಲ್ಲೇ ತೀರ್ಮಾನಿಸಿ ಸುಮ್ಮನೆ ಕುಳಿತುಕೊಳ್ಳಬೇಡಿ. ಮುಖ ದುಂಡಗಾಗುವುದು, ಸಕ್ಕರೆ ಏರುವುದು, ಚುಚ್ಚಿಸಿಕೊಂಡ ಕೆಲವೇ ಗಂಟೆಗಳಲ್ಲಿ ನೋವು ಮಾಯವಾಗುವುದು, ಈ ಮೂರೂ ಒಟ್ಟಿಗೆ ಕಂಡರೆ ಸ್ಟೀರಾಯ್ಡಿನ ಅನುಮಾನ ಬಲವಾಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಪಾಲಿನ ಕೆಲಸವನ್ನು ನಿಲ್ಲಿಸುತ್ತವೆ. ಮದ್ದು ಹಠಾತ್ತನೆ ನಿಂತಾಗ ಅವು ಕೂಡಲೇ ಎಚ್ಚೆತ್ತುಕೊಳ್ಳುವುದಿಲ್ಲ. ರಕ್ತದೊತ್ತಡ ಕುಸಿದು, ವಾಂತಿ, ವಿಪರೀತ ನಿತ್ರಾಣ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ತಾಯಿಯನ್ನು ಈ ವಾರವೇ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ನೀವು ನಂಬುವ ಫಿಸಿಷಿಯನ್ ಬಳಿಗೋ ಕರೆದುಕೊಂಡು ಹೋಗಿ. ಎಷ್ಟು ದಿನಕ್ಕೊಮ್ಮೆ, ಎಷ್ಟು ಕಾಲದಿಂದ ಇಂಜೆಕ್ಷನ್ ಆಗಿದೆ ಎಂದು ಬರೆದುಕೊಂಡು ಹೋಗಿ. ಖಾಲಿ ಬಾಟಲಿ, ಮಾತ್ರೆಯ ಪಟ್ಟಿ, ಚೀಟಿ ಏನು ಸಿಕ್ಕರೂ ಜೊತೆಗಿರಲಿ. ನಿಲ್ಲಿಸುವುದು ಹೇಗೆ, ಎಷ್ಟು ದಿನದಲ್ಲಿ ಎಂಬುದನ್ನು ಅವರು ಹೇಳುತ್ತಾರೆ. ಮುಂದೆ ಯಾವುದೇ ಶಸ್ತ್ರಚಿಕಿತ್ಸೆ ಅಥವಾ ತೀವ್ರ ಜ್ವರ ಬಂದರೂ ‘ಸ್ಟೀರಾಯ್ಡ್ ಆಗಿರಬಹುದು’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಆ ಇಂಜೆಕ್ಷನ್ನಿನ ಒಳಗೆ ಏನಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ‘ಎಲ್ಲರಿಗೂ ಗುಣವಾಗಿದೆ’ ಎಂಬ ಊರಿನ ಮಾತಿಗೆ ಉತ್ತರ ಅಲ್ಲಿಯೇ ಇದೆ. ಇಂತಹ ಕೊಠಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಸಿರಿಂಜಿಗೆ ಎರಡು ಮದ್ದು ಎಳೆಯುತ್ತಾರೆ. ಒಂದು ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು, ಇನ್ನೊಂದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಹೆಬ್ಬೆರಳಿನಷ್ಟಿರುವ ಡೆಕ್ಸಾಮೆಥಸೋನ್ ಬಾಟಲಿಯಲ್ಲಿ 2 ಮಿಲಿಲೀಟರ್ ಇರುತ್ತದೆ, ಮಿಲಿಲೀಟರಿಗೆ 4 ಮಿಲಿಗ್ರಾಂ. ಅಂದರೆ ಪೂರ್ತಿ ಬಾಟಲಿ ಹಾಕಿದರೆ 8 ಮಿಲಿಗ್ರಾಂ. ಅದು ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟೀರಾಯ್ಡಿನ ಸುಮಾರು 50 ಮಿಲಿಗ್ರಾಂಗೆ ಸಮ. ನಮ್ಮ ದೇಹ ತಾನಾಗಿ ದಿನವೊಂದಕ್ಕೆ ತಯಾರಿಸುವ ಸ್ಟೀರಾಯ್ಡಿನ ಹಲವು ಪಟ್ಟು. ನೋವು ಓಡಿಹೋಗದೆ ಇನ್ನೇನು! ಜ್ವರವೂ ಇಳಿಯುತ್ತದೆ, ಹಸಿವೂ ಹುಟ್ಟುತ್ತದೆ, ಮೈ ಹಗುರವಾಗುತ್ತದೆ. ಮರುದಿನ ಕೆಲಸಕ್ಕೆ ಹೋಗಲೇಬೇಕಾದ ಕಾರ್ಮಿಕನಿಗೆ ಇದಕ್ಕಿಂತ ಒಳ್ಳೆಯ ಡಾಕ್ಟರ್ ಇಲ್ಲ ಎನ್ನಿಸುವುದು ಸಹಜ. ಮಂಡಿ ಸವೆಯುವುದು ಮಾತ್ರ ನಿಲ್ಲುವುದಿಲ್ಲ. ಕೆಲವು ತಿಂಗಳ ಮೇಲೆ ಮೂಳೆ ಟೊಳ್ಳಾಗುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು, ಒಳಗೆ ಅಡಗಿದ್ದ ಕ್ಷಯ ಮೇಲೆದ್ದು ಬರಬಹುದು. ಆಗ ರೋಗಿ ಹೋಗುವುದು ಮೈಸೂರಿಗೋ ಮಂಗಳೂರಿಗೋ. ಗುಣವಾದ ಲೆಕ್ಕ ಜಂಕ್ಷನ್ನಿನಲ್ಲಿ ಉಳಿಯುತ್ತದೆ, ಕೆಟ್ಟ ಲೆಕ್ಕ ದೂರದ ಊರಿನ ದೊಡ್ಡ ಆಸ್ಪತ್ರೆಯ ಖಾತೆಗೆ ಸೇರುತ್ತದೆ.

ಜ್ವರದ ಕಥೆಯೂ ಇದೇ. ಹೆಚ್ಚಿನ ಜ್ವರಗಳು ವೈರಾಣುವಿನವು, ಏನೂ ಮಾಡದಿದ್ದರೂ ನಾಲ್ಕೈದು ದಿನದಲ್ಲಿ ಇಳಿಯುತ್ತವೆ. ಮೂರನೇ ದಿನ ಚುಚ್ಚಿದವರಿಗೆ ಕೀರ್ತಿ. ಆದರೆ ಮಳೆಗಾಲದ ಕೊಡಗಿನಲ್ಲಿ ಆ ಜ್ವರ ಡೆಂಗಿಯಾಗಿದ್ದರೆ ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಇಲಿ ಜ್ವರವಾಗಿದ್ದರೆ, ಸರಿಯಾದ ಆಂಟಿಬಯಾಟಿಕ್ ಬೇಗ ಸಿಗಬೇಕಾದ ದಿನಗಳು ಸ್ಟೀರಾಯ್ಡಿನ ಹುಸಿ ಆರಾಮದಲ್ಲಿ ಕಳೆದುಹೋಗುತ್ತವೆ, ಅಷ್ಟರಲ್ಲಿ ಮೂತ್ರಪಿಂಡ ಸೋಲುತ್ತದೆ. ಈ ವ್ಯತ್ಯಾಸ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ.

ಕಾಗದಕ್ಕೆ ಯಾಕಿಷ್ಟು ಮಹತ್ವ ಎಂಬ ಪ್ರಶ್ನೆಯ ಬೇರು ಇದು. ಗೋಣಿಗೆ ಕೈ ಹಾಕಿ ಕಾಫಿ ಒಣಗಿದೆಯೋ ಇಲ್ಲವೋ ನೀವು ಹೇಳಬಲ್ಲಿರಿ. ವ್ಯಾಪಾರಿ ಮೋಸ ಮಾಡಿದರೆ ನಿಮಗೆ ಗೊತ್ತಾಗುತ್ತದೆ, ಮುಂದಿನ ವರ್ಷ ಬೇರೆಯವನಿಗೆ ಕೊಡುತ್ತೀರಿ. ವೈದ್ಯನ ಕೆಲಸವನ್ನು ರೋಗಿ ಹಾಗೆ ಅಳೆಯಲಾರ. ನೋವಿನಲ್ಲಿರುವವನಿಗೆ ಅಳೆಯುವ ಸಮಯವೂ ಇಲ್ಲ, ಬೇರೆಯವರ ಬಳಿಗೆ ಹೋಗುವ ಆಯ್ಕೆಯೂ ಎಷ್ಟೋ ಸಲ ಇಲ್ಲ. ಆದ್ದರಿಂದ ಅಳೆಯುವ ಕೆಲಸವನ್ನು ಸಮಾಜ ರೋಗಿಯ ಪರವಾಗಿ ಮೊದಲೇ ಮಾಡಿಡಬೇಕು. ಇಂಥವರು ಓದಿದ್ದಾರೆ, ಪರೀಕ್ಷೆ ದಾಟಿದ್ದಾರೆ, ಹಿರಿಯರ ಕೈಕೆಳಗೆ ತರಬೇತಿ ಮುಗಿಸಿದ್ದಾರೆ ಎಂದು ಪಟ್ಟಿಯೊಂದರಲ್ಲಿ ಹೆಸರು ಬರೆದು, ಆ ಪಟ್ಟಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು.

ಆದರೆ ನನ್ನ ಪ್ರಕಾರ ನೋಂದಣಿಯ ನಿಜವಾದ ಬೆಲೆ ವಿದ್ಯೆಯ ಸಾಕ್ಷ್ಯದಲ್ಲಿಲ್ಲ, ಹೊಣೆಗಾರಿಕೆಯಲ್ಲಿದೆ. ನೋಂದಾಯಿತ ವೈದ್ಯರೂ ತಪ್ಪು ಮಾಡುತ್ತಾರೆ, ಕೆಲವರು ದುಡ್ಡಿನಾಸೆಗೆ ಇದೇ ಸ್ಟೀರಾಯ್ಡನ್ನು ಚುಚ್ಚುತ್ತಾರೆ. ವ್ಯತ್ಯಾಸ ಏನೆಂದರೆ ಅವರನ್ನು ಕರೆಸಿ ಪ್ರಶ್ನಿಸುವ ಜಾಗವೊಂದಿದೆ. ಹೆಸರನ್ನು ತೆಗೆದುಹಾಕಬೇಕಾದರೆ ಮೊದಲು ಹೆಸರು ಪಟ್ಟಿಯಲ್ಲಿರಬೇಕು. ನಿಮ್ಮ ಜಂಕ್ಷನ್ನಿನವರ ಮೇಲೆ ನಾಳೆ ಗಲಾಟೆಯಾದರೆ ಅವರು ಶನಿವಾರಸಂತೆಗೋ ಹುಣಸೂರಿಗೋ ಹೋಗಿ ಹೊಸ ಬೋರ್ಡ್ ಹಾಕಬಹುದು. ಅವರಿಂದ ಕಸಿದುಕೊಳ್ಳಲು ಯಾವ ಪರವಾನಗಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ? ಅಲೋಪಥಿ ವೈದ್ಯರಿಗೆ ರಾಜ್ಯದಲ್ಲಿ 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಡಿ ಬಂದ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ದೇಶದ ಮಟ್ಟದಲ್ಲಿ 2019ರ ಕಾಯ್ದೆಯ ರಾಷ್ಟ್ರೀಯ ವೈದ್ಯಕೀಯ ಆಯೋಗ, 2020ರ ಸೆಪ್ಟೆಂಬರಿನಿಂದ ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗದಲ್ಲಿ ಕೆಲಸ ಮಾಡುತ್ತಿದೆ. ಈ ಕಾಯ್ದೆಯ 34ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳಿಗೆ ಒಂದು ಆಯೋಗ, ಹೋಮಿಯೋಪಥಿಗೆ ಇನ್ನೊಂದು, ಎರಡೂ 2020ರ ಕಾಯ್ದೆಗಳಿಂದ ಬಂದವು. ದಂತವೈದ್ಯರಿಗೆ, ನರ್ಸ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಬೇರೆ ಬೇರೆ ಪರಿಷತ್ತುಗಳಿವೆ. ಫಿಸಿಯೋಥೆರಪಿಸ್ಟ್, ಲ್ಯಾಬ್ ಟೆಕ್ನಿಷಿಯನ್‌ಗಳಂಥವರನ್ನು 2021ರ ಕಾಯ್ದೆಯೊಂದು ಇದೇ ಚೌಕಟ್ಟಿಗೆ ತಂದಿದೆ.

ಇದು ವ್ಯಕ್ತಿಯ ನೋಂದಣಿ. ಜಾಗದ ನೋಂದಣಿ ಬೇರೆ. ಕರ್ನಾಟಕದಲ್ಲಿ ಅದಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಆರೋಗ್ಯ ಇಲಾಖೆಯವರ ಬಾಯಲ್ಲಿ ಕೆಪಿಎಂಇ. ಒಂದೇ ಕೊಠಡಿಯ ಕ್ಲಿನಿಕ್ ಕೂಡ ಇದರಡಿ ನೋಂದಣಿ ಮಾಡಿಸಬೇಕು. 2017ರ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ನೋಂದಣಿ ಇಲ್ಲದ ಕ್ಲಿನಿಕ್ಕನ್ನು ಪರಿಶೀಲಿಸಿ ಮುಚ್ಚಿಸುವ ಅಧಿಕಾರ ಇರುವುದು ಇಲ್ಲಿ. ಅಂದರೆ ನಿಮ್ಮ ದೂರಿಗೆ ಬೆಂಗಳೂರಿನ ದಾರಿ ಹಿಡಿಯಬೇಕಾಗಿಲ್ಲ, ಮಡಿಕೇರಿ ಸಾಕು.

ಇನ್ನು ಪರೀಕ್ಷಿಸುವುದು ಹೇಗೆ. ವೈದ್ಯರ ವೃತ್ತಿ ನಡವಳಿಕೆಗೆ 2002ರ ನಿಯಮಾವಳಿ ಇದೆ. ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು, ಪ್ರತಿ ಚೀಟಿ, ಪ್ರಮಾಣಪತ್ರ, ರಸೀದಿಯ ಮೇಲೂ ಬರೆಯಬೇಕು ಎಂದು ಅದು ಹೇಳುತ್ತದೆ. ಹಾಗಾಗಿ ಸಂಖ್ಯೆ ಕೇಳುವುದು ಅವಮಾನ ಮಾಡಿದಂತಲ್ಲ. ಸರಿಯಾದ ವೈದ್ಯರು ಅದಕ್ಕೆ ಸಿಟ್ಟಾಗುವುದಿಲ್ಲ. ಸಂಖ್ಯೆ ಸಿಕ್ಕ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಭಾರತೀಯ ವೈದ್ಯಕೀಯ ರಿಜಿಸ್ಟರ್ ತೆರೆದು ಹೆಸರು, ಸಂಖ್ಯೆ, ರಾಜ್ಯ ಪರಿಷತ್ತು ಹಾಕಿ ಹುಡುಕಿ. ಅಲ್ಲಿ ತಂದೆಯ ಹೆಸರು, ಪದವಿ, ವಿಶ್ವವಿದ್ಯಾಲಯ, ವರ್ಷ ಕಾಣಿಸುತ್ತವೆ. ಹೆಸರು ಮಾತ್ರ ಹೊಂದಿದರೆ ಸಾಲದು, ಇವೆಲ್ಲವೂ ಹೊಂದಬೇಕು. ಸತ್ತವರ ಅಥವಾ ಬೇರೆ ಊರಿನ ಅದೇ ಹೆಸರಿನ ವೈದ್ಯರ ಸಂಖ್ಯೆಯನ್ನು ಗೋಡೆಗೆ ಹಾಕಿಕೊಳ್ಳುವವರಿದ್ದಾರೆ. ಇನ್ನು ಕೆಲವು ಕಡೆ ಸಂಖ್ಯೆ ನಿಜವಾದದ್ದೇ, ವೈದ್ಯರೂ ನಿಜವಾದವರೇ, ಆದರೆ ಅವರು ತಿಂಗಳಿಗೊಮ್ಮೆಯೂ ಬರುವುದಿಲ್ಲ. ಹೆಸರನ್ನು ಬಾಡಿಗೆಗೆ ಕೊಟ್ಟಿರುತ್ತಾರೆ. ಅದು ಆ ವೈದ್ಯರ ವೃತ್ತಿ ದುರ್ನಡತೆ. ಆಗ ದೂರು ಇಬ್ಬರ ಮೇಲೂ ಹೋಗಬೇಕು. ಗೋಡೆಯ ಮೇಲೆ ಯಾರ ಹೆಸರಿದೆ ಎಂಬುದರ ಜೊತೆಗೆ ಸೂಜಿ ಹಿಡಿದ ಕೈ ಯಾರದು ಎಂಬುದನ್ನೂ ನೋಡಬೇಕು.

ಬೋರ್ಡಿನ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿ. ‘ಆರ್‌ಎಂಪಿ’ ಎಂದಿದ್ದರೆ ಅದು ಪದವಿಯಲ್ಲ. ಆ ಮೂರು ಅಕ್ಷರಗಳ ಅರ್ಥವೇ ನೋಂದಾಯಿತ ವೈದ್ಯ ಎಂದು, ಆದರೆ ಹಾಗೆ ಬರೆದುಕೊಳ್ಳುವವರಲ್ಲಿ ಬಹುಪಾಲು ಮಂದಿಗೆ ನೋಂದಣಿಯೇ ಇರುವುದಿಲ್ಲ. ‘ಎಂ.ಡಿ.’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಎ.ಎಂ.’ ಎಂದಿದ್ದರೆ ಅದು ಯಾವುದೋ ಖಾಸಗಿ ಮಂಡಳಿ ಕೊಟ್ಟ ಪರ್ಯಾಯ ಚಿಕಿತ್ಸೆಯ ಸರ್ಟಿಫಿಕೇಟು, ಯಾವ ಆಯೋಗವೂ ಅದನ್ನು ಒಪ್ಪುವುದಿಲ್ಲ. ಎಲೆಕ್ಟ್ರೋ ಹೋಮಿಯೋಪಥಿಯದೂ ಅದೇ ಸ್ಥಿತಿ. ಕೆಪಿಎಂಇ ನೋಂದಣಿ ಸಂಖ್ಯೆಯನ್ನು ಹೊರಗಿನ ಬೋರ್ಡಿನಲ್ಲೇ ತೋರಿಸಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಬೋರ್ಡ್ ಇರಬೇಕು ಎಂದು ಆರೋಗ್ಯ ಇಲಾಖೆ 2024ರಲ್ಲಿ ಸೂಚನೆ ಹೊರಡಿಸಿತು. ಓದು ಬಾರದ ಕಾರ್ಮಿಕನೂ ಬಣ್ಣ ನೋಡಿ ತಿಳಿಯಬಹುದೆಂಬ ಈ ಆಲೋಚನೆ ನನಗೆ ಬಹಳ ಹಿಡಿಸಿದೆ.

ಆಯುರ್ವೇದವನ್ನೋ ಹೋಮಿಯೋಪಥಿಯನ್ನೋ ಓದಿ ನೋಂದಣಿ ಮಾಡಿಸಿದವರು ಅಲೋಪಥಿ ಇಂಜೆಕ್ಷನ್ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ಅದೇ ಆಗುತ್ತದೆ. ಪೂನಂ ವರ್ಮಾ ಪ್ರಕರಣದಲ್ಲಿ ಹೋಮಿಯೋಪಥಿ ವೈದ್ಯರೊಬ್ಬರು ಜ್ವರಕ್ಕೆ ಅಲೋಪಥಿ ಮದ್ದು ಕೊಟ್ಟಿದ್ದರು, ರೋಗಿ ತೀರಿಕೊಂಡರು. ತನಗೆ ವಿದ್ಯೆ ಇಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಮೃತರ ಪತ್ನಿಗೆ ಮೂರು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಟ್ಟ ಮಟ್ಟಿಗೆ ಮಾತ್ರ ಇದಕ್ಕೆ ವಿನಾಯಿತಿ. ಅಷ್ಟಾದರೂ ಗಮನಿಸಿ, ಆ ವೈದ್ಯರನ್ನು ನ್ಯಾಯಾಲಯದ ಕಟಕಟೆಯವರೆಗೆ ತರಲು ಸಾಧ್ಯವಾಯಿತು.

ಈಗ ನಾಟಿ ವೈದ್ಯರ ಮಾತು. ಇದನ್ನು ನಾನು ಅವಸರದಲ್ಲಿ ಮುಗಿಸಲಾರೆ, ಏಕೆಂದರೆ ಕೊಡಗಿನಲ್ಲಿ ಮದ್ದು ಅಂದರೆ ಬರೀ ಅಂಗಡಿಯ ಮಾತ್ರೆಯಲ್ಲ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಉಣ್ಣದ ಮನೆ ನಿಮ್ಮಲ್ಲಿ ಅಪರೂಪ. ಆ ನೇರಳೆ ಬಣ್ಣದ ಪಾಯಸ ಉಂಡ ಮೇಲೆ ಮೂತ್ರವೂ ಕೆಂಪಗಾದಾಗ ಗಾಬರಿಯಾಗದೆ ನಗುವ ಜನ ನೀವು. ಎರವರು, ಜೇನು ಕುರುಬರು ಕಾಡಿನ ಎಷ್ಟೋ ಗಿಡಗಳನ್ನು ಎಲೆ ಮುರಿದು ಮೂಸಿಯೇ ಗುರುತಿಸುತ್ತಾರೆ. ಮನೆಯಲ್ಲಿ ಕಷಾಯ ಮಾಡಿ ಕೊಡುವ ಅಜ್ಜಿಯ ಹಿಂದೆ ಯಾವ ಕಾನೂನೂ ಬಿದ್ದಿಲ್ಲ, ಬೀಳಬಾರದು ಕೂಡ.

ಆದರೆ ಬಾಗಿಲಿಗೆ ಬೋರ್ಡ್ ಹಾಕಿ, ಹಣ ಪಡೆದು, ವೈದ್ಯ ಎಂದು ಕರೆಸಿಕೊಂಡು ಚಿಕಿತ್ಸೆ ಕೊಡುವುದು ಬೇರೆ. ಪಕ್ಕದ ಕೇರಳದ ಪಾರಂಪರಿಕ ವೈದ್ಯರ ಸಂಘವೊಂದು ಈ ಹಕ್ಕು ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮಾನ್ಯ ವಿದ್ಯಾರ್ಹತೆ, ನೋಂದಣಿ ಇಲ್ಲದವರು ವೃತ್ತಿ ನಡೆಸುವಂತಿಲ್ಲ ಎಂದು 2018ರಲ್ಲಿ ತೀರ್ಪು ಬಂತು. ಹಾಗಾಗಿ ಕಾನೂನಿನ ದೃಷ್ಟಿಯಲ್ಲಿ ನಿಮ್ಮ ನಾಟಿ ವೈದ್ಯರು ವೈದ್ಯವೃತ್ತಿಯ ಹಕ್ಕು ಪಡೆದವರಲ್ಲ. ಇಷ್ಟು ಹೇಳಿದ ಮೇಲೂ, ಅವರನ್ನು ಮತ್ತು ನಿಮ್ಮ ಜಂಕ್ಷನ್ನಿನ ‘ಡಾಕ್ಟರ’ನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಒಬ್ಬರು ತಮ್ಮ ಪರಂಪರೆಯ ಹೆಸರಿನಲ್ಲೇ ಕುಳಿತಿದ್ದಾರೆ, ಬಂದವರಿಗೆ ಅದು ಗೊತ್ತಿದೆ. ಇನ್ನೊಬ್ಬರು ತಮ್ಮದಲ್ಲದ ವಿದ್ಯೆಯ ಹೆಸರು ಹೇಳಿ, ವೈದ್ಯರ ಚೀಟಿಯಿಲ್ಲದೆ ಮಾರಲೇಬಾರದ ಮದ್ದನ್ನು ರಕ್ತಕ್ಕೆ ಹಾಕುತ್ತಿದ್ದಾರೆ. ಪಾರಂಪರಿಕ ಜ್ಞಾನವುಳ್ಳವರಿಗಾಗಿ ಭಾರತೀಯ ಗುಣಮಟ್ಟ ಮಂಡಳಿಯ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯೊಂದಿದೆ. ಮೂಳೆ ಕಟ್ಟುವುದೂ ಅದರ ವಿಷಯಗಳಲ್ಲೊಂದು. ಅದು ವೈದ್ಯವೃತ್ತಿಯ ಪರವಾನಗಿ ಅಲ್ಲ, ಆದರೆ ಏನು ಗೊತ್ತು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಪರೀಕ್ಷಿಸಿ ಬರೆದಿಡುವ ಒಂದು ದಾರಿ. ಆ ದಾರಿ ಇನ್ನಷ್ಟು ಅಗಲವಾಗಬೇಕು ಎಂಬುದು ನನ್ನ ಆಸೆ.

ಮೂಳೆ ಕಟ್ಟಿಸಿಕೊಳ್ಳಲು ಯಾರಾದರೂ ಹೋಗಿಯೇ ಹೋಗುತ್ತಾರೆಂದರೆ ಒಂದು ಮಾತು ಅವರ ಕಿವಿಗೆ ಹಾಕಿ: ಮೊದಲು ಎಕ್ಸ್‌ರೇ ಆಗಲಿ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ, ಮರಗಟ್ಟಿದರೆ, ನೋವು ಕ್ಷಣಕ್ಷಣಕ್ಕೂ ಏರಿದರೆ ಕಟ್ಟನ್ನು ಕೂಡಲೇ ಬಿಚ್ಚಿ ಆಸ್ಪತ್ರೆಗೆ ಓಡಬೇಕು. ಬಿಗಿದ ಬಿದಿರು ಕಟ್ಟಿನೊಳಗೆ ಸ್ನಾಯು ಸಾಯಲು ಕೆಲವೇ ಗಂಟೆ ಸಾಕು, ತಡವಾದರೆ ಕೈಯನ್ನೇ ಕತ್ತರಿಸಬೇಕಾಗುತ್ತದೆ. ಹಾವು ಕಚ್ಚಿದಾಗ ಮಾತ್ರ ನಾಟಿ ಮದ್ದಿನ ದಾರಿಯೇ ಬೇಡ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಕಚ್ಚುತ್ತದೆ. ಅವರೆಲ್ಲ ಬದುಕುತ್ತಾರೆ, ಹೆಸರು ಮದ್ದಿಗೆ ಬರುತ್ತದೆ. ನಿಜವಾಗಿ ವಿಷ ಏರಿದವರಿಗೆ ಪ್ರತಿವಿಷ ಬೇಕೇ ಬೇಕು. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಇನ್ನು ನಿಮ್ಮ ಅತ್ಯಂತ ಪ್ರಾಮಾಣಿಕ ಪ್ರಶ್ನೆ: ಇವರು ಹೋದರೆ ಕಾರ್ಮಿಕರಿಗೆ ಯಾರು ದಿಕ್ಕು?

ಇದು ಕೊಡಗಿನದೊಂದೇ ಕಷ್ಟವಲ್ಲ. 2001ರ ಜನಗಣತಿಯ ಅಂಕಿಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದಲ್ಲಿ ತಮ್ಮನ್ನು ಅಲೋಪಥಿ ವೈದ್ಯರೆಂದು ಹೇಳಿಕೊಂಡವರಲ್ಲಿ ಶೇಕಡ 57ರಷ್ಟು ಮಂದಿಗೆ ವೈದ್ಯಕೀಯ ವಿದ್ಯಾರ್ಹತೆ ಇರಲಿಲ್ಲ. ಹಳ್ಳಿಗಳಲ್ಲಿ ಅರ್ಹರು ಐವರಲ್ಲಿ ಒಬ್ಬರೂ ಇರಲಿಲ್ಲ. ಹಾಗಾದರೆ ಇವರಿಗೇ ತರಬೇತಿ ಕೊಟ್ಟರಾಗದೇ ಎಂದು ಕೇಳುವವರಿದ್ದಾರೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಅದನ್ನು ಮಾಡಿ ನೋಡಿದರು, ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ರೋಗವನ್ನು ನಿಭಾಯಿಸುವ ರೀತಿ ಸುಧಾರಿಸಿತು, ಆದರೆ ಬೇಡದ ಆಂಟಿಬಯಾಟಿಕ್ ಕೊಡುವುದು ಕಡಿಮೆಯಾಗಲಿಲ್ಲ. ನನಗೆ ಆ ಎರಡನೆಯ ಭಾಗವೇ ಮುಖ್ಯವಾಗಿ ಕಾಣುತ್ತದೆ. ಮದ್ದು ಮಾರಿಯೇ ಬದುಕಬೇಕಾದವರಿಗೆ ‘ಮದ್ದು ಬೇಡ’ ಎಂದು ಹೇಳಲು ಕಲಿಸುವುದು ಬಹಳ ಕಷ್ಟ. ಆದ್ದರಿಂದ ಅವರ ಕೈಗೆ ಸೂಜಿ ಕೊಟ್ಟು ಅಧಿಕೃತ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಅವರ ಜಾಗದಲ್ಲಿ ಏನಿದೆ? ಮೊದಲನೆಯದು ನಿಮ್ಮ ಪಂಚಾಯಿತಿ ವ್ಯಾಪ್ತಿಯ ಆರೋಗ್ಯ ಉಪಕೇಂದ್ರ. ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಬದಲಾದ ಕಡೆಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಅವರು ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತರು. ಬಿಪಿ, ಸಕ್ಕರೆ ನೋಡಿ, ಇ-ಸಂಜೀವಿನಿ ಎಂಬ ಸರ್ಕಾರಿ ಆನ್‌ಲೈನ್ ಸೇವೆಯ ಮೂಲಕ ವೈದ್ಯರ ಜೊತೆ ರೋಗಿಯನ್ನು ಮಾತನಾಡಿಸಬಲ್ಲರು. ತುರ್ತು ಹೊತ್ತಿಗೆ 108, ಸಲಹೆಗೆ 104. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತದೆ, 2018ರ ಆಗಸ್ಟಿನ ಭೂಕುಸಿತದಂಥ ದಿನಗಳಲ್ಲಿ ರಸ್ತೆಯೇ ಇರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಅದಕ್ಕಾಗಿಯೇ ಎರಡನೆಯ ಮಾತನ್ನು ನಿಮಗೆ, ಒಬ್ಬ ಬೆಳೆಗಾರರಿಗೆ, ನೇರವಾಗಿ ಹೇಳಬೇಕಾಗಿದೆ.

ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತ್ತು. ಈಚಿನ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಕೈಬಿಟ್ಟಿಲ್ಲ. ನಿಮ್ಮದು ಕಾಯ್ದೆಯ ಲೆಕ್ಕಕ್ಕೆ ಬಾರದ ಸಣ್ಣ ತೋಟವಾದರೂ, ಜಂಕ್ಷನ್ನಿನ ಆ ಕೊಠಡಿ ಬೆಳೆದದ್ದು ತೋಟಗಳು ಬಿಟ್ಟ ಖಾಲಿ ಜಾಗದಲ್ಲಿ. ಕಾಫಿ ಕೊಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕುಟುಂಬಕ್ಕೆ ಕನ್ನಡ ಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಹೇಳಿದವರಿಲ್ಲ, ಹೋದರೆ ಆ ದಿನದ ಕೂಲಿ ಹೋಗುತ್ತದೆ. ಜಂಕ್ಷನ್ನಿನವರು ಸಂಜೆ ಕೆಲಸ ಬಿಟ್ಟ ಮೇಲೂ ಸಿಗುತ್ತಾರೆ, ಹಿಂದಿಯಲ್ಲಿ ಮಾತನಾಡುತ್ತಾರೆ, ಸಾಲವನ್ನೂ ಕೊಡುತ್ತಾರೆ. ಆ ಮೂರು ಅನುಕೂಲಗಳನ್ನು ನೋಂದಾಯಿತ ವೈದ್ಯರ ಜೊತೆ ಸೇರಿಸಿ ಕೊಡಲು ನಿಮ್ಮಂಥವರಿಗೆ ಸಾಧ್ಯವಿದೆ. ಅಕ್ಕಪಕ್ಕದ ನಾಲ್ಕಾರು ತೋಟದವರು ಸೇರಿ ವಾರಕ್ಕೊಂದು ಸಂಜೆ ವೈದ್ಯರೊಬ್ಬರು ಬಂದು ನೋಡುವ ವ್ಯವಸ್ಥೆ ಮಾಡಬಹುದು. ರಾತ್ರಿ ತುರ್ತಿಗೆ ಯಾರ ಜೀಪು ಹೊರಡಬೇಕು ಎಂದು ಸರದಿ ಹಾಕಿ, ಫೋನ್ ನಂಬರನ್ನು ಪ್ರತಿ ಲೈನ್ ಮನೆಯ ಗೋಡೆಗೆ ಹಿಂದಿ, ಬಂಗಾಳಿಯಲ್ಲೂ ಬರೆಸಬಹುದು. ಆಸ್ಪತ್ರೆಗೆ ಹೋದ ದಿನ ಅರ್ಧ ಕೂಲಿಯಾದರೂ ಕೊಡುವಂತೆ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಬಹುದು. ಇಷ್ಟಾದರೆ ಆ ಕೊಠಡಿಯ ಮುಂದಿನ ಸಾಲು ತಾನಾಗಿ ಕರಗುತ್ತದೆ.

ದೂರು ಕೊಡಬೇಕೆ? ಕೊಡಬೇಕು. ಮೇಲಿನ ವ್ಯವಸ್ಥೆ ಆಗಲಿ ಎಂದು ಕಾಯಬೇಡಿ, ಎರಡನ್ನೂ ಒಟ್ಟಿಗೆ ನಡೆಸಿ. ಮಡಿಕೇರಿಯ ಜಿಲ್ಲಾ ಆರೋಗ್ಯಾಧಿಕಾರಿಯವರಿಗೆ ಲಿಖಿತ ದೂರು, ಅದರ ಪ್ರತಿ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗೆ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗೆ. ಕ್ಲಿನಿಕ್ ಇರುವ ಜಾಗ, ತೆರೆದಿರುವ ಸಮಯ, ಬೋರ್ಡಿನ ಫೋಟೋ, ತಾಯಿಗೆ ಇಂಜೆಕ್ಷನ್ ಆದ ದಿನಗಳು, ಚೀಟಿ ಇದ್ದರೆ ಅದರ ನಕಲು, ಈಗ ನೋಡಿದ ವೈದ್ಯರ ವರದಿ ಇವಿಷ್ಟನ್ನು ಸೇರಿಸಿ. ‘ನಕಲಿ ವೈದ್ಯ, ಮೋಸಗಾರ’ ಎಂದು ಬರೆಯುವ ಅಗತ್ಯವಿಲ್ಲ. ‘ಇವರ ನೋಂದಣಿಯನ್ನು ಪರಿಶೀಲಿಸಿ’ ಎಂದರೆ ಸಾಕು, ಕಾನೂನಿನ ಎದುರು ಆ ಮಾತಿಗೇ ಹೆಚ್ಚು ಬಲ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಬರಬೇಡಿ. ಏನೂ ಕದಲದಿದ್ದರೆ, ದೂರಿನ ಮೇಲೆ ಯಾವ ಕ್ರಮವಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಊರ ಯುವಕರು ಗುಂಪು ಕಟ್ಟಿಕೊಂಡು ನುಗ್ಗುವುದು, ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹಂಚುವುದು ಬೇಡವೇ ಬೇಡ. ರಾತ್ರೋರಾತ್ರಿ ಬಾಟಲಿ, ದಾಖಲೆ ಎಲ್ಲ ಮಾಯವಾಗುತ್ತವೆ, ಹಲ್ಲೆಯ ಕೇಸು ಹುಡುಗರ ಮೇಲೆ ಬೀಳುತ್ತದೆ.

ಅಷ್ಟೊಂದು ಇಂಜೆಕ್ಷನ್ ಅವರಿಗೆ ಎಲ್ಲಿಂದ ಬರುತ್ತದೆ ಎಂಬುದನ್ನೂ ದೂರಿನಲ್ಲಿ ಕೇಳಿ. ಡೆಕ್ಸಾಮೆಥಸೋನ್, ಡೈಕ್ಲೋಫೆನಾಕ್ ಎರಡೂ ಶೆಡ್ಯೂಲ್ ಎಚ್ ಮದ್ದುಗಳು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಅವನ್ನು ಯಾವ ಮೆಡಿಕಲ್ ಶಾಪೂ ಕೊಡುವಂತಿಲ್ಲ. ಔಷಧ ನಿಯಂತ್ರಣ ಅಧಿಕಾರಿಗಳು ಬಿಲ್ಲಿನ ಜಾಡು ಹಿಡಿದರೆ ಒಂದು ಕೊಠಡಿಯ ಬದಲು ಹತ್ತು ಕೊಠಡಿಗಳಿಗೆ ಹೋಗುವ ಸರಬರಾಜು ನಿಲ್ಲಬಹುದು.

ಇದೇ ಹಾನಿ ನೋಂದಾಯಿತ ವೈದ್ಯರಿಂದ ಆಗಿದ್ದರೆ ದಾರಿ ಬೇರೆ: ವೃತ್ತಿ ದುರ್ನಡತೆಗೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು, ಪರಿಹಾರಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ವರ್ಷದೊಳಗೆ ದೂರು ಹೋಗಬೇಕು. ಪರಿಷತ್ತುಗಳ ಬಗ್ಗೆ ನನಗೆ ಅಸಮಾಧಾನವೂ ಇದೆ. ವೈದ್ಯರ ಮೇಲಿನ ದೂರನ್ನು ವೈದ್ಯರೇ ಕುಳಿತು ತೀರ್ಮಾನಿಸುತ್ತಾರೆ. 2019ರ ಕಾಯ್ದೆಯ 30ನೇ ಕಲಮು ಪರಿಷತ್ತಿನ ತೀರ್ಪಿನ ವಿರುದ್ಧ ಮೇಲ್ಮನವಿಯನ್ನು ವೈದ್ಯರಿಗೆ ಕೊಟ್ಟಿದೆ, ರೋಗಿಯ ಹೆಸರು ಅಲ್ಲಿಲ್ಲ. ಹಾನಿ ಅನುಭವಿಸಿದವರಿಗೇ ಇಲ್ಲದ ಬಾಗಿಲು ಇದು, ತಿದ್ದಲೇಬೇಕು. ಪರಿಷತ್ತುಗಳು ನಿಧಾನ ಎನ್ನುವುದು ಅವುಗಳನ್ನು ಚುರುಕುಗೊಳಿಸಲು ಕಾರಣವಾಗಬೇಕು, ನೋಂದಣಿ ಇಲ್ಲದವರ ಕೈಗೆ ತೋಳು ಚಾಚಲು ಅಲ್ಲ.

ಕೊನೆಯದಾಗಿ ಒಂದು ಕೆಲಸ ಉಳಿದಿದೆ, ಅದನ್ನು ದಯವಿಟ್ಟು ಮರೆಯಬೇಡಿ. ಒಂದೇ ಸೂಜಿಯನ್ನು ಹಲವರಿಗೆ ಬಳಸಿರುವ ಸಾಧ್ಯತೆ ಇಂಥ ಕಡೆಗಳಲ್ಲಿ ಯಾವಾಗಲೂ ಇರುತ್ತದೆ. ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯ ಬಾಂಗರ್‌ಮೌನಲ್ಲಿ 2018ರ ಆರಂಭದಲ್ಲಿ ಹತ್ತಾರು ಮಂದಿಗೆ ಎಚ್‌ಐವಿ ಇರುವುದು ಬೆಳಕಿಗೆ ಬಂದಾಗ, ಅಗ್ಗದ ದರಕ್ಕೆ ಮನೆಮನೆಗೆ ಹೋಗಿ ಇಂಜೆಕ್ಷನ್ ಹಾಕುತ್ತಿದ್ದ ಪದವಿಯಿಲ್ಲದವನೊಬ್ಬನ ಮೇಲೆ ಆರೋಪ ಬಂದಿತ್ತು. ನಿಮ್ಮ ತಾಯಿಗೂ, ಅಲ್ಲಿ ಇಂಜೆಕ್ಷನ್ ಹಾಕಿಸಿಕೊಂಡ ಲೈನ್ ಮನೆಯವರಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನಾ ಕೇಂದ್ರದಲ್ಲಿ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಈಗ ಒಮ್ಮೆ ಎಲ್ಲವನ್ನೂ ಪರೀಕ್ಷಿಸಬೇಕು, ಕೊನೆಯ ಇಂಜೆಕ್ಷನ್ ಆಗಿ ಮೂರು ತಿಂಗಳು ಕಳೆದ ಮೇಲೆ ಎಚ್‌ಐವಿಯನ್ನು, ಆರು ತಿಂಗಳು ಕಳೆದ ಮೇಲೆ ಹೆಪಟೈಟಿಸ್ ಬಿ ಮತ್ತು ಸಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಕೊಯ್ಲು ಮುಗಿದು ಕಾರ್ಮಿಕರು ಊರಿಗೆ ಹೊರಡುವ ಮೊದಲೇ ಮೊದಲ ಪರೀಕ್ಷೆಯಾಗಲಿ, ಮುಂದಿನ ಪರೀಕ್ಷೆಗಳ ದಿನಾಂಕಗಳನ್ನು ಅವರು ಓದುವ ಭಾಷೆಯಲ್ಲೇ ಬರೆದು ಕೈಗೆ ಕೊಡಿ.